ತಾಜ್‌ಮಹಲಿನ ನೆರಳಲ್ಲಿ ಕಮಿಷನ್ ಸಂತೆ

ಶಾಲೆಗಳಿಗೆ ರಜೆ ಬಂತೆಂದರೆ ನಮ್ಮ ಅನೇಕ ಕುಟುಂಬಗಳು ದೆಹಲಿ, ಆಗ್ರಾ, ಅಜ್ಮೀರ್‌ಗಳತ್ತ ಹೊರಡುತ್ತವೆ. ಆಗ್ರಾದ ರೈಲು ನಿಲ್ದಾಣದಲ್ಲಿ ಇಳಿದೊಡನೆ ಆಟೋ ಚಾಲಕನೋರ್ವ ಎದುರಾಗುತ್ತಾನೆ. ಬಾಡಿಗೆ ಅಚ್ಚರಿಯೆನಿಸುವಷ್ಟು ಅಗ್ಗ. ಗಾಳವಿರುವುದೇ ಆ ಅಗ್ಗದಲ್ಲಿ. ಆತನ ನಿಜವಾದ ಸಂಪಾದನೆ ಅಂಗಡಿಗಳ ಕಮಿಷನ್‌ನಿಂದ ಬರುತ್ತದೆ. ಅದನ್ನು ಗಿರಾಕಿ ತೆರುವ ಬೆಲೆಗೇ ಸೇರಿಸಲಾಗಿರುತ್ತದೆ. ಶುಕ್ರವಾರ ತಾಜ್‌ಮಹಲ್ ಪ್ರವಾಸಿಗರಿಗೆ ಮುಚ್ಚಿರುತ್ತದೆ ಎಂಬುದನ್ನು ಆತ ಮೊದಲೇ ಹೇಳುವುದಿಲ್ಲ. ಹೇಳಿದರೆ ಅಂಗಡಿ ಸುತ್ತಿಸಲು ಒಂದು ದಿನ ಸಿಗುವುದೆಲ್ಲಿಂದ?

ಅಂಗಡಿಯಲ್ಲಿ ಚಹಾ ಬರುತ್ತದೆ. ಸಲಾಂ ಹೇಳಿ, 'ನಾವೂ ನಿಮ್ಮವರೇ' ಎಂಬ ಮಾತೂ ಬರುತ್ತದೆ. ಊರ ಮೀನು ಮಾರುಕಟ್ಟೆಯಲ್ಲಿ ಐದು ರೂಪಾಯಿಗೂ ಚೌಕಾಶಿ ಮಾಡುವ ಯಜಮಾನ, ಇಲ್ಲಿ ಹೆಂಡತಿ ಮಕ್ಕಳ ಮುಂದೆ ದಾಕ್ಷಿಣ್ಯಕ್ಕೆ ಬಿದ್ದು ಸಾವಿರಗಳನ್ನು ಎಣಿಸುತ್ತಾನೆ. ಧರ್ಮದ ಹೆಸರಲ್ಲಿ ಬೆಲೆ ಏರಿಸುವವನ ಬಳಿ ದಾಕ್ಷಿಣ್ಯವೇಕೆ? ಅಮೃತಶಿಲೆಯೆಂದು ಮಾರುವ ಪುಟ್ಟ ತಾಜ್‌ಮಹಲ್ ಎಷ್ಟೋ ಬಾರಿ ಬಳಪದ ಕಲ್ಲಿನದ್ದು. ಉಗುರಿನಿಂದ ಗೀರಿದರೆ ಬಳಪದ ಕಲ್ಲಿನ ಮೇಲೆ ಗೆರೆ ಬೀಳುತ್ತದೆ, ಅಮೃತಶಿಲೆಯ ಮೇಲೆ ಬೀಳದು. ಇನ್ನು ತಾಜ್‌ಗಂಜ್‌ನ ಇಕ್ಕಟ್ಟಿನ ಕೋಣೆಗಳಲ್ಲಿ ಕುಳಿತು ಕಲ್ಲಿನಲ್ಲಿ ಹೂ ಕೂರಿಸುವ ಕುಶಲಕರ್ಮಿಗೆ ಆ ಕಮಿಷನ್‌ನಲ್ಲಿ ಪಾಲಿಲ್ಲ. ವಂಚನೆಗೊಳಗಾಗುವವರಲ್ಲಿ ಆತನೂ ಒಬ್ಬ.

ದ್ವಾರದ ಬಳಿ ಮತ್ತೊಂದು ಗುಂಪು: 'ಸಾಲು ಉದ್ದವಿದೆ, ನಾವು ಬೇಗ ಬಿಡಿಸುತ್ತೇವೆ.' 2018ರ ಡಿಸೆಂಬರ್‌ನಲ್ಲಿ ನಿಗದಿಯಾದಂತೆ ಭಾರತೀಯರಿಗೆ ಪ್ರವೇಶ ಶುಲ್ಕ 50 ರೂಪಾಯಿ, ಮುಖ್ಯ ಗೋರಿಯ ಕಟ್ಟಡಕ್ಕೆ ಹೆಚ್ಚುವರಿ 200 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟೇ ಬೇಡ. ಪುರಾತತ್ವ ಇಲಾಖೆ ಇಂಟರ್‌ನೆಟ್‌ನಲ್ಲಿಯೂ ಟಿಕೆಟ್ ಮಾರುತ್ತದೆ. ಇಷ್ಟನ್ನು ಮನೆಯಲ್ಲೇ ತಿಳಿದು ಹೊರಟರೆ ದಲ್ಲಾಳಿಗೆ ಕೆಲಸವಿಲ್ಲ.

ಗುರುತಿನ ಚೀಟಿಯಿಲ್ಲದ ಮಾರ್ಗದರ್ಶಿ ಹಣದ ಜೊತೆಗೆ ಇತಿಹಾಸವನ್ನೂ ಕದಿಯುತ್ತಾನೆ. ಶಹಜಹಾನ್ ಕುಶಲಕರ್ಮಿಗಳ ಕೈ ಕಡಿಸಿದನೆಂಬ ಕಥೆಗೆ ಸಮಕಾಲೀನ ಆಧಾರವಿಲ್ಲ. ಆದರೂ ನಮ್ಮ ಮಕ್ಕಳು ಅದನ್ನೇ ನಂಬಿ ಊರಿಗೆ ಮರಳುತ್ತಾರೆ. ರಾಜಕೀಯ ವೇದಿಕೆಗಳಲ್ಲಿ ಅದು ಹೇಗೆ ಬಳಕೆಯಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಮೋಸಹೋದವರು ದೂರುವುದಾದರೂ ಯಾರಲ್ಲಿ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2016ರಲ್ಲಿ 1363 ಸಂಖ್ಯೆಯ ಸಹಾಯವಾಣಿಯನ್ನು 12 ಭಾಷೆಗಳಲ್ಲಿ ಆರಂಭಿಸಿತು. ಹಿಂದಿ, ಇಂಗ್ಲಿಷ್ ಬಿಟ್ಟರೆ ಉಳಿದ ಹತ್ತೂ ವಿದೇಶಿ ಭಾಷೆಗಳು. ಜಪಾನಿ, ಕೊರಿಯನ್ ಭಾಷೆಗಳಿಗೆ ಅಲ್ಲಿ ಸ್ಥಾನ ದೊರೆಯಿತು. ತನ್ನದೇ ದೇಶದಲ್ಲಿ ಪ್ರವಾಸ ಹೊರಟ ಕನ್ನಡಿಗನ ಭಾಷೆಗೆ ದೊರೆಯಲಿಲ್ಲ.