ಹೇಳದೆ ಉಳಿದ ಕುಲವೃತ್ತಾಂತ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಗೋತ್ರಪ್ರವರಗಳನ್ನು ತಡವರಿಸದೆ ಹೇಳಬಲ್ಲವರು ಇಂದಿಗೂ ಉಂಟು. ಶ್ರಾದ್ಧದ ದಿನ ಮೂರು ತಲೆಮಾರಿನ ಹೆಸರುಗಳು ನಾಲಗೆಯ ತುದಿಯಲ್ಲಿರುತ್ತವೆ. ಆದರೆ ಆ ಅಜ್ಜಿ, ಆ ಸೋದರತ್ತೆ ಯಾವ ವ್ಯಾಧಿಯಿಂದ ತೀರಿಕೊಂಡರೆಂದು ಕೇಳಿದರೆ, “ಏನೋ ಕಾಯಿಲೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇಂತಹ ಮಾತು ಆಡಬಾರದೆಂದು ಹಿರಿಯರ ಎಣಿಕೆ. ಆ ಹೆಣ್ಣುಮಕ್ಕಳ ಸಲುವಾಗಿಯೇ ಆಡಬೇಕೆಂಬುದು ನಮ್ಮ ಬಿನ್ನಹ.

ಬೆಂಗಳೂರಿನ ಸ್ತ್ರೀಯರಿಗೆ ಬರುವ ಅರ್ಬುದರೋಗಗಳಲ್ಲಿ, ಎಂದರೆ ಕ್ಯಾನ್ಸರುಗಳಲ್ಲಿ, ಸ್ತನದ್ದೇ ಮೊದಲನೆಯದು. ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯು 1982ರಿಂದ ಇಟ್ಟುಬಂದಿರುವ ನಗರದ ದಾಖಲೆ ಇದನ್ನು ತಿಳಿಸುತ್ತದೆ. ಇವುಗಳಲ್ಲಿ ವಂಶಾನುಗತವಾದುವು ನೂರಕ್ಕೆ 5ರಿಂದ 10 ಮಾತ್ರ. ಆದರೆ 1994–95ರಲ್ಲಿ ಗುರುತಿಸಲ್ಪಟ್ಟ ಬಿ.ಆರ್.ಸಿ.ಎ. ಎಂಬ ಎರಡು ವಂಶವಾಹಿಗಳಲ್ಲಿ ದೋಷವುಳ್ಳ ಸ್ತ್ರೀಯರಿಗೆ, 80 ವರ್ಷದೊಳಗೆ 10 ಮಂದಿಯಲ್ಲಿ ಸುಮಾರು 7 ಮಂದಿಗೆ ಈ ರೋಗ ಬರುವ ಸಂಭವವುಂಟು. ದೋಷವು ತಂದೆಯಿಂದಲೂ ಬರಬಹುದು. ಆದುದರಿಂದ ಸೋದರತ್ತೆಯ ಕಾಯಿಲೆ ಅಣ್ಣನ ಮಗಳಿಗೂ ಸಂಬಂಧಪಟ್ಟ ವಿಷಯ.

ಇಂತಹವರಿಗೆ ಮ್ಯಾಮೊಗ್ರಾಂ ಒಂದೇ ಸಾಲದು. ಕಿರಿಯ ವಯಸ್ಸಿನವರ ಸ್ತನ ಸಾಮಾನ್ಯವಾಗಿ ದಟ್ಟವಾಗಿರುವುದರಿಂದ ಆ ಚಿತ್ರದಲ್ಲಿ ಅದೂ ಬಿಳುಪು, ಗಡ್ಡೆಯೂ ಬಿಳುಪು. ಎಂ.ಆರ್.ಐ. ಯಂತ್ರವಾದರೋ ಎಕ್ಸ್-ರೇ ಇಲ್ಲದೆ ಕಾಂತಶಕ್ತಿಯಿಂದ ನೋಡುತ್ತದೆ; ರಕ್ತನಾಳಕ್ಕೆ ಕೊಟ್ಟ ಗ್ಯಾಡೋಲಿನಿಯಂ ಔಷಧವು ಹೆಚ್ಚು ರಕ್ತ ಹರಿಯುವ ಗಡ್ಡೆಯನ್ನು ಎತ್ತಿ ತೋರಿಸುತ್ತದೆ. ಬೋರಲಾಗಿ ಮಲಗಿ ಸುಮಾರು ಅರ್ಧ ಗಂಟೆ ಅಲುಗದಿರಬೇಕು. ಬಳೆ, ಓಲೆ, ತಾಳಿಗಳನ್ನು ಕಳಚಿಡಬೇಕು. ಅಷ್ಟು ಹೊತ್ತು ತಾಳಿ ತೆಗೆದಿಟ್ಟರೆ ಸೌಭಾಗ್ಯಕ್ಕೆ ಕುಂದಿಲ್ಲ. ಜೀವಮಾನದಲ್ಲಿ ರೋಗಸಂಭವ ನೂರಕ್ಕೆ 20ನ್ನು ಮೀರಿದವರಿಗೆ ಮ್ಯಾಮೊಗ್ರಾಮಿನೊಡನೆ ವರ್ಷಕ್ಕೊಮ್ಮೆ ಈ ಪರೀಕ್ಷೆಯೂ ಆಗಬೇಕೆಂದು ಅಮೆರಿಕದ ಕ್ಯಾನ್ಸರ್ ಸೊಸೈಟಿ 2007ರಲ್ಲಿ ಸಲಹೆಯಿತ್ತಿತು.

ಇದು ಎಲ್ಲರಿಗೂ ಬೇಕಾದುದಲ್ಲ. ಯಂತ್ರವು ನಿರಪಾಯದ ಗಂಟನ್ನೂ ತೋರಿಸಿ, ಸೂಜಿಯಿಂದ ತುಣುಕು ತೆಗೆದು ನೋಡುವ ಕಷ್ಟಕ್ಕೆ ಗುರಿಮಾಡುವುದುಂಟು. ಇದು ರೋಗವನ್ನು ತಡೆಯುವುದೂ ಇಲ್ಲ. ಗಡ್ಡೆ ಚಿಕ್ಕದಿರುವಾಗಲೇ ಕಾಣಿಸುವುದಷ್ಟೆ. ಆದರೆ ಗುಣವಾಗುವ ಆಸೆ ಬಹುಮಟ್ಟಿಗೆ ನಿಂತಿರುವುದು ಆ ಚಿಕ್ಕತನದ ಮೇಲೆಯೇ.

ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರು ನಿರ್ಣಯಿಸಬೇಕಾದರೆ ಅವರಿಗೆ ಕುಲವೃತ್ತಾಂತ ಬೇಕು. ವಾಚಕರು ಒಂದು ಸಂಜೆ ಮನೆಯ ಹಿರಿಯರನ್ನು ಕೂರಿಸಿಕೊಂಡು, ತಂದೆತಾಯಿಗಳ ಎರಡೂ ಕಡೆಗಳಲ್ಲಿ ಯಾರಿಗೆ, ಎಷ್ಟನೆಯ ವಯಸ್ಸಿನಲ್ಲಿ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತೆಂದು ಬರೆದಿಡಲಿ. 50ಕ್ಕೆ ಮೊದಲೇ ಸ್ತನದ ರೋಗ ಬಂದವರನ್ನೂ, ಆ ರೋಗ ಬಂದ ಗಂಡಸರನ್ನೂ ಮರೆಯಬಾರದು. ಜಾತಕಗಳಿರುವ ಪೆಟ್ಟಿಗೆಯಲ್ಲಿ ಈ ಕಾಗದಕ್ಕೂ ಸ್ಥಳವಿರಲಿ. ಮಗಳು ವೈದ್ಯರಲ್ಲಿಗೆ ಹೋಗುವಾಗ ಅದು ಅವಳ ಕೈಯಲ್ಲಿರಲಿ.