ನಕ್ಷೆ ನೋಡಿ ಜಗತ್ತಿನ ಯಜಮಾನ ಯಾರೆಂದು ಹೇಳಬಹುದೇ?

ಎಲ್ಲಾದರೂ ದೊಡ್ಡ ಯುದ್ಧ ಶುರುವಾದರೆ ಟಿವಿ ಚರ್ಚೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಈ ಪ್ರದೇಶ ಯಾರ ಕೈಗೆ ಸಿಗುತ್ತದೋ ಅವರೇ ಜಗತ್ತನ್ನು ಆಳುತ್ತಾರೆ. ಈ ಮಾತು ಎಲ್ಲಿಂದ ಬಂತು? ಅದು ಎಷ್ಟು ನಿಜ?

ಮೂರು ವಾದಗಳು

ಅಮೆರಿಕದ ನೌಕಾ ಅಧಿಕಾರಿ ಆಲ್ಫ್ರೆಡ್ ಮಹಾನ್ 1890ರ ತಮ್ಮ ಪುಸ್ತಕದಲ್ಲಿ, ಸಮುದ್ರದ ಮೇಲೆ ಹಿಡಿತವಿರುವ ದೇಶವೇ ಬಲಿಷ್ಠವಾಗುತ್ತದೆ ಎಂದರು. ಆಗಿನ ಬ್ರಿಟನ್ ಇದಕ್ಕೆ ಕಣ್ಣೆದುರಿನ ಉದಾಹರಣೆ.

1904ರಲ್ಲಿ ಬ್ರಿಟನ್ನಿನ ಭೂಗೋಳಶಾಸ್ತ್ರಜ್ಞ ಹಾಲ್ಫರ್ಡ್ ಮ್ಯಾಕಿಂಡರ್ ಬೇರೆ ವಾದ ಮುಂದಿಟ್ಟರು. ಯುರೇಷಿಯಾದ ಒಳನಾಡಿಗೆ ಯುದ್ಧನೌಕೆಗಳು ತಲುಪಲಾರವು. ಅಲ್ಲಿ ರೈಲು ಬಂದರೆ ಸೈನ್ಯ, ಸರಕು ನೆಲದ ಮೇಲೆಯೇ ವೇಗವಾಗಿ ಸಾಗುತ್ತವೆ. ಹಾಗಾಗಿ ಮುಂದಿನ ಬಲ ಅಲ್ಲಿದೆ ಎಂದರು. ರಷ್ಯಾ ಆಗ ಸೈಬೀರಿಯಾಕ್ಕೆ ರೈಲು ಹಳಿ ಹಾಕುತ್ತಿತ್ತು. ಈ ಒಳನಾಡನ್ನೇ ಅವರು 1919ರಲ್ಲಿ 'ಹಾರ್ಟ್‌ಲ್ಯಾಂಡ್' ಎಂದು ಕರೆದರು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನಿಕೊಲಸ್ ಸ್ಪೈಕ್‌ಮನ್ ಎರಡನ್ನೂ ಒಪ್ಪಲಿಲ್ಲ. ಅವರ ಪ್ರಕಾರ ಮುಖ್ಯವಾದದ್ದು ಒಳನಾಡಲ್ಲ, ಅದನ್ನು ಸುತ್ತುವರಿದ ಅಂಚು: ಪಶ್ಚಿಮ ಯುರೋಪ್, ಅರಬ್ ದೇಶಗಳು, ಭಾರತ, ಚೀನಾ.

ಇತಿಹಾಸ ಹೇಳುವುದೇನು?

ಎರಡನೇ ಮಹಾಯುದ್ಧದ ನಂತರ ಹಾರ್ಟ್‌ಲ್ಯಾಂಡ್ ಮತ್ತು ಪೂರ್ವ ಯುರೋಪಿನ ಬಹುಭಾಗ ಸೋವಿಯತ್ ಒಕ್ಕೂಟದ ಹಿಡಿತದಲ್ಲಿದ್ದವು. ಆದರೂ ಡಿಸೆಂಬರ್ 1991ರಲ್ಲಿ ಅದು ಒಡೆದುಹೋಯಿತು. ಕುಂಟುತ್ತಿದ್ದ ಆರ್ಥಿಕತೆ, ಭಾರೀ ಸೇನಾ ವೆಚ್ಚ, ಗಣರಾಜ್ಯಗಳ ಪ್ರತ್ಯೇಕತೆಯ ಕೂಗು ಅದನ್ನು ಒಳಗಿನಿಂದಲೇ ಸಡಿಲಗೊಳಿಸಿದ್ದವು.

ಸಮುದ್ರಬಲದ ಕಥೆಯೂ ಅಷ್ಟೆ. 1956ರಲ್ಲಿ ಈಜಿಪ್ಟ್ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿದವು. ಬ್ರಿಟನ್ ಬಳಿ ಹಡಗು, ಸೈನ್ಯ ಎಲ್ಲವೂ ಇದ್ದವು. ಆದರೆ ಪೌಂಡ್ ಕುಸಿಯತೊಡಗಿದಾಗ ಅಮೆರಿಕ ಹಣಕಾಸಿನ ನೆರವು ತಡೆಹಿಡಿಯಿತು. ವರ್ಷಾಂತ್ಯದೊಳಗೆ ಬ್ರಿಟನ್ ಸೇನೆ ವಾಪಸಾಯಿತು. ಗುಂಡಿನಿಂದ ಆಗದ ಕೆಲಸ ಸಾಲದಿಂದ ಆಯಿತು.

ಚೀನಾವನ್ನೂ ನೋಡಿ. 1978ರ ಆರ್ಥಿಕ ಸುಧಾರಣೆಗೆ ಮೊದಲೂ ನಂತರವೂ ಅದರ ಕರಾವಳಿ ಒಂದೇ. ಬದಲಾದದ್ದು ನೀತಿ, ಕಾರ್ಖಾನೆ, ವ್ಯಾಪಾರ.

ಹಾಗಾದರೆ ಭೂಗೋಳ ಲೆಕ್ಕಕ್ಕಿಲ್ಲವೇ?

ಖಂಡಿತ ಇದೆ. ಜಗತ್ತಿನ ಸರಕು ವ್ಯಾಪಾರದ ಶೇ. 80ರಷ್ಟು ಇಂದಿಗೂ ಸಮುದ್ರದ ಮೇಲೇ ಸಾಗುತ್ತದೆ. ಭಾರತ ತಾನು ಬಳಸುವ ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಅದರ ಬಹುಪಾಲು ಬರುವುದು ಹೊರ್ಮುಜ್ ಜಲಸಂಧಿ ದಾಟಿ. ಅಲ್ಲಿ ಹಡಗು ನಿಂತರೆ ಬಿಸಿ ತಟ್ಟುವುದು ನಮ್ಮ ಮನೆಯ ಒಲೆಗೇ.

ಆದ್ದರಿಂದ ನಕ್ಷೆ ಅವಕಾಶವನ್ನೂ ಅಪಾಯವನ್ನೂ ತೋರಿಸುತ್ತದೆ, ಗೆಲ್ಲುವವರನ್ನಲ್ಲ. ಮುಂದಿನ ಸಲ ಯಾರಾದರೂ ನಕ್ಷೆಯ ಮೇಲೆ ಬೆರಳಿಟ್ಟು ಭವಿಷ್ಯ ಹೇಳಿದರೆ, ಆ ದೇಶದ ಸಾಲ, ಉದ್ಯೋಗ, ಮಿತ್ರರು, ಒಳಗಿನ ಅಸಮಾಧಾನ ಹೇಗಿದೆ ಎಂದೂ ಕೇಳಿ.