ಬೀಸುವ ಕೂಲಿ ಕೊಡೋಣ, ಹಿಟ್ಟು ಬಿಟ್ಟುಕೊಡುವುದು ಬೇಡ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಗಣಕಯಂತ್ರದ ತಂತ್ರಾಂಶಗಳ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಗಡಿನಾಡಿನ ಕನ್ನಡ ಶಾಲೆಗಳ ಅಳಿವು ಉಳಿವು, ಮಕ್ಕಳ ಓದು, ಮನೆಮಾತಿನ ಭವಿಷ್ಯ ಇಂಥ ಹಿರಿಯ ಪ್ರಶ್ನೆಗಳಿರುವಾಗ, ಕಡತ ತೆರೆಯುವ, ಕಡತ ಜೋಡಿಸುವ, ಕಡತ ಪರಿವರ್ತಿಸುವ ಸಣ್ಣಪುಟ್ಟ ಉಪಕರಣಗಳಿಗೆ ಹಣ ಕೊಡಬೇಕೆ ಬೇಡವೇ ಎಂಬ ಚರ್ಚೆಗೆ ಪುಟ ವ್ಯಯಿಸಬೇಕೆ? ಬೇಕು ಎಂಬುದೇ ನಮ್ಮ ನಿಲುವು. ಏಕೆಂದರೆ ಈ ಭಾಗದ ಕನ್ನಡ ಬರವಣಿಗೆ ಇಂದು ಉಳಿದಿರುವುದು ಕಪಾಟಿನಲ್ಲಲ್ಲ, ಪೆನ್ ಡ್ರೈವಿನಲ್ಲಿ. ಜಹೀರಾಬಾದಿನವರ ಲೇಖನ, ನಾರಾಯಣಖೇಡದವರ ಕವಿತೆ, ತಾಂಡೂರಿನ ಹಿರಿಯರ ನೆನಪು, ಸಂಘದ ಸಭೆಗಳ ನಡಾವಳಿ ಎಲ್ಲವೂ ಕಡತಗಳಾಗಿವೆ. ಕಡತ ತೆರೆಯದಿದ್ದರೆ ಬರೆದದ್ದು ಇಲ್ಲವಾದಂತೆಯೇ.

ಈ ಸಂಚಿಕೆಯ ಸಿದ್ಧತೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ. ಸಂಘದ ಹಿರಿಯರೊಬ್ಬರು ತಮ್ಮ ಬಾಲ್ಯದ ದಿನಗಳನ್ನೂ ರಾಜ್ಯ ಪುನರ್ವಿಂಗಡಣೆಯ ಕಾಲವನ್ನೂ ಕುರಿತು ಹಿಂದೊಮ್ಮೆ ದೀರ್ಘ ಲೇಖನ ಬರೆದು, ಡಿಟಿಪಿ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿದ್ದರು. ಅವರು ಈಗ ನಮ್ಮೊಡನಿಲ್ಲ. ಹಸ್ತಪ್ರತಿಯೂ ಸಿಗಲಿಲ್ಲ, ಕಡತ ಮಾತ್ರ ಸಿಕ್ಕಿತು. ತೆರೆದರೆ ಒಂದಕ್ಷರ ಕನ್ನಡವಿಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ರಾಶಿ. ಪರಿಹಾರ ಹುಡುಕುತ್ತ ಹೋದಾಗ ಒಂದು ಸಂತೆಯೇ ಎದುರಾಯಿತು. ಒಂದು ತಂತ್ರಾಂಶ ಮೊದಲ ಕೆಲವು ಪುಟಗಳನ್ನು ಪುಕ್ಕಟೆ ತೋರಿಸಿ ಉಳಿದವಕ್ಕೆ ಹಣ ಕೇಳಿತು. ಇನ್ನೊಂದು ಪ್ರತಿ ಪುಟದ ಮೇಲೂ ಅಡ್ಡಲಾಗಿ ತನ್ನ ಹೆಸರು ಬರೆಯಿತು. ಮತ್ತೊಂದು ವರ್ಷ ವರ್ಷವೂ ಚಂದಾ ಕಟ್ಟಿರೆಂದಿತು.

ಸಭೆಯಲ್ಲಿ ಮೂರು ಅಭಿಪ್ರಾಯಗಳು ಬಂದವು. ಕನ್ನಡ ಓದುವುದಕ್ಕೂ ದುಡ್ಡು ಕೊಡಬೇಕೆ ಎಂದು ಒಬ್ಬರು ಸಿಡಿದರು. ಕ್ರ್ಯಾಕ್ ಮಾಡಿದ ಪ್ರತಿ ಸಿಗುತ್ತದೆ, ಹಾಕಿಬಿಡೋಣ ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಅಷ್ಟು ತೊಂದರೆಯೇಕೆ, ಬೇರೆ ಲೇಖನ ತರಿಸಿದರಾಯಿತು ಎಂದು ಮೂರನೆಯವರು ಮುಗಿಸಿದರು. ಈ ಮೂರೂ ತಪ್ಪೆಂದು ನಾವು ಭಾವಿಸುತ್ತೇವೆ.

ಮೂರನೆಯ ಮಾತಿಗೆ ಮೊದಲು ಉತ್ತರ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಗುಲ್ಬರ್ಗಾ ಜಿಲ್ಲೆ ಮೈಸೂರಿಗೆ ಸೇರಿತು. ಆದರೆ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಮತ್ತು ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಈಚೆ ಬಂದವು. ಕಾನೂನಿನ ಪುಸ್ತಕದಲ್ಲಿ ಇದು ಕೆಲವೇ ಸಾಲು. ಆ ಸಾಲುಗಳು ಮನೆಗಳಲ್ಲಿ ಏನು ಮಾಡಿದವು, ಯಾವ ಶಾಲೆಯ ಪಾಠ ಯಾವ ಭಾಷೆಗೆ ತಿರುಗಿತು, ನಿರ್ಣಾದಲ್ಲಿ ಮಗಳನ್ನು ಕೊಟ್ಟವರು ಏನೆಂದುಕೊಂಡರು ಎಂಬುದು ಇಂಥ ಹಿರಿಯರ ಬರಹದಲ್ಲಿ ಮಾತ್ರ ಇದೆ. ಬೆಂಗಳೂರಿನಲ್ಲಿ ಒಂದು ಬರಹದ ಒಂದು ಪ್ರತಿ ಹೋದರೆ ಗ್ರಂಥಾಲಯದಲ್ಲಿ ಇನ್ನೊಂದು ಸಿಕ್ಕೀತು. ನಮ್ಮಲ್ಲಿ ಇರುವುದೇ ಒಂದು ಪ್ರತಿ. ಅದರ ಬದಲಿಗೆ ಬೇರೆ ಲೇಖನ ಎಂಬುದಿಲ್ಲ.

ಕಡತ ತೆರೆಯದಿರುವುದಕ್ಕೆ ಕಾರಣ ಸರಳವಾಗಿದೆ. ಹಳೆಯ ಪದ್ಧತಿಯಲ್ಲಿ ಕಡತದ ಒಳಗೆ ಕನ್ನಡ ಇರುತ್ತಲೇ ಇರಲಿಲ್ಲ. ಇರುತ್ತಿದ್ದದ್ದು ರೋಮನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ನುಡಿ, ಬರಹ ಮೊದಲಾದವುಗಳ ಅಕ್ಷರಶೈಲಿ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡ ಎಂಬ ಪದವೇ ಪಿ ಅಕ್ಷರದಿಂದ ಆರಂಭವಾಗಿ ನಡುವೆ ಬ್ರಿಟಿಷ್ ಪೌಂಡಿನ ಗುರುತನ್ನು ಹೊತ್ತು ನಿಲ್ಲುತ್ತದೆ. ಯೂನಿಕೋಡ್ ಬಂದು 1991ರಲ್ಲೇ ಕನ್ನಡ ಅಕ್ಷರಗಳಿಗೆ ಸ್ವಂತ ಮನೆ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯನ್ನೂ ತಂದಿತು. ಆದರೂ ಡಿಟಿಪಿ ಅಂಗಡಿಗಳು ಹಳೆಯ ವೇಷವನ್ನೇ ಮುಂದುವರಿಸಿದವು, ನಾವು ಕೇಳಲಿಲ್ಲ. ತಪ್ಪಿನ ಮೊದಲ ಪಾಲು ನಮ್ಮದೇ.

ಈಗ ಮೊದಲನೆಯ ಮಾತು: ಕನ್ನಡಕ್ಕೂ ದುಡ್ಡು ಕೊಡಬೇಕೆ? ಈ ಪ್ರಶ್ನೆಯಲ್ಲಿ ಅಭಿಮಾನದಷ್ಟೇ ಜಿಪುಣತನವೂ ಇದೆ. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ತಂತ್ರಾಂಶವನ್ನು ಹೊರತಂದು ಉಚಿತವಾಗಿ ಹಂಚಿದಾಗ ನಾವೆಲ್ಲ ಹೊಗಳಿದೆವು. ಮುಂದಿನ ಆವೃತ್ತಿಗಳಿಗೆ ಬೆಲೆ ಇಟ್ಟಾಗ ಮುನಿಸಿಕೊಂಡವರು ನಮ್ಮ ನಡುವೆಯೇ ಇದ್ದರು. ವಿಂಡೋಸ್ ಬದಲಾದಾಗಲೆಲ್ಲ ತಂತ್ರಾಂಶವನ್ನು ತಿದ್ದಬೇಕು, ಬಳಸುವವರ ದೂರು ಕೇಳಬೇಕು. ಈ ದುಡಿಮೆಗೆ ಕೂಲಿ ಬೇಡವೇ? ನುಡಿ ಉಚಿತವಲ್ಲವೇ ಎಂದು ಕೇಳುವವರಿದ್ದಾರೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಿಂದೆ ಕರ್ನಾಟಕ ಸರ್ಕಾರದ ಬೆಂಬಲವಿತ್ತು. ಎಂದರೆ ಅಲ್ಲಿಯ ತೆರಿಗೆದಾರ ಹಣ ಕೊಟ್ಟಿದ್ದಾನೆ. ಗಡಿಯ ಈಚೆಗಿರುವ ನಾವು ಆ ತೆರಿಗೆಯನ್ನೂ ಕಟ್ಟದೆ ಅದನ್ನು ಬಳಸಿದ್ದೇವೆ. ಪುಕ್ಕಟೆ ಎಂಬುದು ಬೇರೆ ಯಾರೋ ಬೆಲೆ ತೆತ್ತಿದ್ದಾರೆ ಎಂಬುದರ ಇನ್ನೊಂದು ಹೆಸರು. ಪ್ರತಿ ಸಮಾರಂಭದಲ್ಲಿ ಹಾರ, ಶಾಲು, ಸ್ಮರಣಿಕೆಗಳಿಗೆ ನಾವು ಲೆಕ್ಕ ನೋಡುವುದಿಲ್ಲ. ಕನ್ನಡದ ಉಪಕರಣ ಮಾಡಿದವನಿಗೆ ಶಾಲು ಹೊದಿಸಿ ಕೂಲಿ ಕೊಡದಿರುವುದು ಸನ್ಮಾನವಲ್ಲ.

ಎರಡನೆಯ ಮಾತಾದ ಕ್ರ್ಯಾಕ್ ಪ್ರತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಕಳವು. ನಮ್ಮ ಕವಿಗಳ ಪದ್ಯವನ್ನು ಯಾರೋ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರೆ ಕೆರಳುವ ನಾವು, ಇನ್ನೊಬ್ಬರ ಬುದ್ಧಿಯ ದುಡಿಮೆಯನ್ನು ಬೀಗ ಒಡೆದು ತರುವುದನ್ನು ಜಾಣತನವೆನ್ನಬಾರದು. ಅದರೊಡನೆ ಬರುವ ವೈರಸ್ ಸಂಘದ ಯಂತ್ರದಲ್ಲಿರುವ ಇಷ್ಟೂ ವರ್ಷಗಳ ಕಡತಗಳನ್ನು ನುಂಗಿದರೆ ಕೇಳುವವರಾರು?

ಹಾಗೆಂದು ಬೆಲೆ ಕೇಳಿದವರಿಗೆಲ್ಲ ಕೈಮುಗಿಯಬೇಕೆಂದೂ ನಾವು ಹೇಳುತ್ತಿಲ್ಲ. ತಾಂಡೂರಿನ ಸೀಮೆಯಲ್ಲಿ ತೊಗರಿ ಬೆಳೆಯುವವರಿಗೆ ದಾಲ್ ಮಿಲ್ಲಿನ ವ್ಯವಹಾರ ಗೊತ್ತು, ಗಿರಣಿಗೆ ಜೋಳ ಒಯ್ಯುವ ಎಲ್ಲ ಮನೆಗೂ ಗೊತ್ತು. ಬೀಸಿದ್ದಕ್ಕೆ ಕೂಲಿ ಕೊಡುತ್ತೇವೆ, ಹಿಟ್ಟು ಮನೆಗೆ ತರುತ್ತೇವೆ. ನೀವು ತಿಂಗಳು ತಿಂಗಳು ಹಣ ಕಟ್ಟುವವರೆಗೆ ಮಾತ್ರ ಈ ಹಿಟ್ಟಿನ ರೊಟ್ಟಿ ತಿನ್ನಬಹುದು ಎಂದು ಗಿರಣಿಯವನು ಹೇಳಿದರೆ ಯಾರೂ ಒಪ್ಪುವುದಿಲ್ಲ. ಆದರೆ ತಂತ್ರಾಂಶಗಳ ಸಂತೆಯಲ್ಲಿ ಇದು ನಡೆಯುತ್ತಿದೆ. ತನ್ನಲ್ಲಿ ಮಾತ್ರ ತೆರೆಯುವ ರೂಪದಲ್ಲಿ ನಮ್ಮ ಬರಹವನ್ನು ಕೂಡಿಡುವ, ಚಂದಾ ನಿಂತ ದಿನ ನಮ್ಮದೇ ಕಡತಕ್ಕೆ ಬೀಗ ಹಾಕುವ ತಂತ್ರಾಂಶ ಕೇಳುತ್ತಿರುವುದು ಕೂಲಿಯನ್ನಲ್ಲ, ಒತ್ತೆಹಣವನ್ನು.

ಬೆಲೆಯೂ ಇದ್ದು ಬೀಗವಿಲ್ಲದ ಮಾದರಿ ಲೋಕದಲ್ಲಿ ಇಲ್ಲವೇ? ಇದೆ. ನಾವು ದಿನವೂ ಬಳಸುವ ಜಿಪ್ ಕಡತವನ್ನು 1989ರಲ್ಲಿ ರೂಪಿಸಿದವನು ಅಮೆರಿಕದ ಫಿಲ್ ಕಾಟ್ಸ್. ಅವನ ಪಿಕೆಜಿಪ್ ತಂತ್ರಾಂಶಕ್ಕೆ ಬೆಲೆಯಿತ್ತು. ಮೊದಲು ಬಳಸಿ ನೋಡಿ, ಒಪ್ಪಿದರೆ ಹಣ ಕಳುಹಿಸಿ ಎಂಬ ಕ್ರಮ. ಆದರೆ ಜಿಪ್ ಕಡತದ ರಚನೆ ಹೇಗೆ ಎಂಬ ವಿವರವನ್ನು ಅವನು ಎಲ್ಲರಿಗೂ ಬಹಿರಂಗಪಡಿಸಿದ. ಅವನು 2000ದಲ್ಲಿ ತೀರಿಕೊಂಡ. ಇಂದಿಗೂ ಜಿಪ್ ಕಡತ ಯಾವ ಯಂತ್ರದಲ್ಲಾದರೂ, ಯಾರ ಅಪ್ಪಣೆಯೂ ಇಲ್ಲದೆ ತೆರೆಯುತ್ತದೆ. ಪಿಡಿಎಫ್ ಕೂಡ ಹಾಗೆಯೇ: 1993ರಲ್ಲಿ ಅಡೋಬಿ ಕಂಪನಿಯ ಸೊತ್ತಾಗಿ ಹುಟ್ಟಿದ್ದು 2008ರಲ್ಲಿ ಮುಕ್ತ ಅಂತಾರಾಷ್ಟ್ರೀಯ ಮಾನಕವಾಯಿತು. ಉಪಕರಣಕ್ಕೆ ಬೆಲೆ ಇರಲಿ, ಕಡತದ ರೂಪ ಎಲ್ಲರದಾಗಿರಲಿ. ನಾವು ಹಿಡಿಯಬೇಕಾದ ಅಳತೆಗೋಲು ಇದು.

ಪುಕ್ಕಟೆಯ ಇನ್ನೊಂದು ಮುಖವನ್ನೂ ನೋಡಬೇಕು. ಮೀಸೇವಾ ಅರ್ಜಿಗೆಂದು ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವನ್ನೆಲ್ಲ ಒಂದೇ ಪಿಡಿಎಫ್ ಮಾಡಲು ನಮ್ಮ ಮಕ್ಕಳು ಯಾವುದೋ ಉಚಿತ ಜಾಲತಾಣಕ್ಕೆ ಏರಿಸುತ್ತಾರೆ. ಆ ಕಾಗದಪತ್ರ ಯಾವ ದೇಶದ ಯಾವ ಯಂತ್ರದಲ್ಲಿ ಉಳಿಯಿತೋ ಬಲ್ಲವರಿಲ್ಲ. ಅದೇ ಕೆಲಸವನ್ನು ಮನೆಯ ಯಂತ್ರದಲ್ಲೇ ಮಾಡುವ ಉಪಕರಣಕ್ಕೆ ಒಮ್ಮೆ ಸ್ವಲ್ಪ ಹಣ ತೆತ್ತರೆ ನಷ್ಟವೇನು? ಇನ್ನು ಕೆಲವರು ಮಾರುವುದು ನಮ್ಮಲ್ಲಿ ಆಗಲೇ ಇರುವುದನ್ನು. ಜಿಪ್ ತೆರೆಯಲು, ಬರಹವನ್ನು ಪಿಡಿಎಫ್ ಮಾಡಲು, ಚಿತ್ರದ ಗಾತ್ರ ಇಳಿಸಲು ವಿಂಡೋಸ್ 10ರಲ್ಲೇ ವ್ಯವಸ್ಥೆಯಿದೆ. ಸೆವೆನ್‌ಜಿಪ್, ಲಿಬ್ರೆ ಆಫೀಸ್ ಇಂಥವು ನ್ಯಾಯವಾಗಿಯೇ ಉಚಿತ. ಕೊಳ್ಳುವ ಮೊದಲು ಮನೆಯ ಕಪಾಟು ನೋಡುವುದು ಜಿಪುಣತನವಲ್ಲ, ವಿವೇಕ.

ಆದ್ದರಿಂದ ಈ ಸಮ್ಮೇಳನದ ಮುಂದೆ ನಾವು ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ. ಒಂದು, ಇನ್ನು ಮುಂದೆ ಸಂಘದ ಎಲ್ಲ ಬರಹ ಯೂನಿಕೋಡಿನಲ್ಲಿರಲಿ. ಡಿಟಿಪಿಗೆ ಹಣ ಕೊಡುವಾಗ ಅಚ್ಚಿನ ಪ್ರತಿಯೊಡನೆ ಯೂನಿಕೋಡ್ ಕಡತವನ್ನೂ ಕೇಳಿ ಪಡೆಯೋಣ. ಎರಡು, ಮೂರೂ ಊರುಗಳ ಸದಸ್ಯರ ಮನೆಯಲ್ಲಿರುವ ಹಳೆಯ ಕಡತಗಳ ಪಟ್ಟಿ ಮಾಡಿ, ಮುಂದಿನ ಸಮ್ಮೇಳನದೊಳಗೆ ಪರಿವರ್ತಿಸೋಣ. ಮೂರು, ಸಂಘದ ಆಯವ್ಯಯದಲ್ಲಿ ತಂತ್ರಾಂಶಕ್ಕೆಂದು ಒಂದು ಸಾಲು ಇರಲಿ. ಬೇಕಾದದ್ದನ್ನು ರಸೀದಿ ಸಹಿತ ಕೊಳ್ಳೋಣ, ಬೀಗ ಹಾಕುವಂಥದನ್ನು ಎಷ್ಟೇ ಅಗ್ಗವಾದರೂ ನಿರಾಕರಿಸೋಣ. ನಾಲ್ಕು, ಸಂಘದ ಯಂತ್ರದಲ್ಲಿ ಕದ್ದ ಪ್ರತಿ ಒಂದೂ ಇರಕೂಡದು.

ಹಿರಿಯರ ಆ ಲೇಖನ ಏನಾಯಿತೆಂದು ಓದುಗರು ಕೇಳಬಹುದು. ಕೊನೆಗೆ ಉಚಿತವಾಗಿಯೇ ದೊರೆತ ಒಂದು ಪರಿವರ್ತಕದಿಂದ ಅದು ಕನ್ನಡಕ್ಕೆ ಮರಳಿತು. ಆದರೆ ಯಂತ್ರ ಅರ್ಕಾವತ್ತುಗಳನ್ನೆಲ್ಲ ತಪ್ಪು ಜಾಗದಲ್ಲಿಟ್ಟಿತ್ತು. ಕರ್ನಾಟಕ ಎಲ್ಲೆಲ್ಲೂ ಕನಾರ್ಟಕವಾಗಿತ್ತು, ನಿರ್ಣಾ ನಿಣಾರ್ ಆಗಿತ್ತು. ಓದಲು ಬರುವ ಹಿರಿಯರೊಬ್ಬರು, ಕೀಲಿಮಣೆ ಬಲ್ಲ ಹುಡುಗಿಯೊಬ್ಬಳು ಕೂಡಿ ಕುಳಿತು ಹಲವು ಸಂಜೆ ಸಾಲು ಸಾಲಾಗಿ ತಿದ್ದಿದರು. ಶಾಲೆಯಲ್ಲಿ ತೆಲುಗು ಓದುವ ಆ ಹುಡುಗಿ ನಿರ್ಣಾ ಎಲ್ಲಿದೆ, ಅದೊಂದು ಮಾತ್ರ ಏಕೆ ಆಚೆ ಉಳಿಯಿತು ಎಂದು ಕೇಳಿದಳಂತೆ. ಲೇಖನ ಈ ಸಂಚಿಕೆಯಲ್ಲೇ ಅಚ್ಚಾಗಿದೆ. ಪರಿವರ್ತಕ ಮಾಡಿದವರಿಗೆ ನಾವು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಅವರು ಕೇಳಿಯೂ ಇಲ್ಲ. ಆ ಋಣ ನಮ್ಮ ಮೇಲಿದೆ. ಮುಂದಿನ ವರ್ಷದ ಲೆಕ್ಕಪತ್ರದಲ್ಲಾದರೂ ಅದು ಕಾಣಲಿ.